ಕ್ಲೌನ್ ಕೋರಿಸ್ ಮರಿ ತರುವ ಮುಂಚೆ ಒಂದು ಮಾತು

ಗುಂಪಿನವರೇ, ಮೊನ್ನೆ ಇಬ್ಬರು ಇದೇ ಮೀನಿನ ಫೋಟೋ ಹಾಕಿ "ತರಲಾ?" ಅಂತ ಕೇಳಿದ್ದರು. ಬೆಳ್ಳಗಿನ ಮೈ, ಬೆನ್ನ ಮೇಲೆ ಎರಡು ಕಿತ್ತಳೆ ಮಚ್ಚೆ, ರೆಕ್ಕೆಯಲ್ಲಿ ಕಣ್ಣಿನಂಥ ಕಪ್ಪು ಚುಕ್ಕಿ. ಮರಿ ಚೆಂದವೇ, ಒಪ್ಪಿದೆ. ಆದರೆ ಇದು ಕೋರಿಸ್ ಐಗುಲಾ, ಕೆಂಪು ಸಮುದ್ರದಿಂದ ಪೆಸಿಫಿಕ್‌ವರೆಗಿನ ಹವಳದ ದಿಬ್ಬಗಳಲ್ಲಿರುವ ರಾಸ್ (wrasse) ಕುಟುಂಬದ ಮೀನು, ಪೂರ್ತಿ ಬೆಳೆದರೆ 120 ಸೆಂ.ಮೀ. ತನಕ ಹೋಗುತ್ತದೆ, ಅಂದರೆ ನಮ್ಮಲ್ಲಿ ಜಾಸ್ತಿ ಜನರ ಹತ್ತಿರ ಇರುವ ನಾಲ್ಕಡಿ ಟ್ಯಾಂಕಿನಷ್ಟೇ ಉದ್ದ! ಆಗ ಆ ಮಚ್ಚೆಗಳೂ ಇರುವುದಿಲ್ಲ. ಕಡು ಹಸಿರು ಬಣ್ಣ ಬಂದು, ದೊಡ್ಡ ಗಂಡಿನ ಹಣೆ ಉಬ್ಬಿಕೊಳ್ಳುತ್ತದೆ.

ಇನ್ನು ಊಟ. ಬಸವನಹುಳು, ಏಡಿ, ಸೀಗಡಿ, ಕಡಲ ಮುಳ್ಳುಚೆಂಡು (ಸೀ ಅರ್ಚಿನ್), ಚಿಪ್ಪು ಇರುವುದೆಲ್ಲ ಅದರ ಬಾಯಿಗೇ. ಪಾಚಿ ತಿನ್ನಲಿ ಅಂತ ನೀವು ಟ್ಯಾಂಕಿಗೆ ಬಿಟ್ಟ ಬಸವನಹುಳುಗಳೂ ಅಷ್ಟೇ. ತಿನ್ನುವುದನ್ನು ಹುಡುಕುತ್ತಾ ಕಲ್ಲುಗಳನ್ನೂ ಮಗುಚಿ ಹಾಕುತ್ತದೆ, ಸುಮ್ನೆ ಜೋಡಿಸಿಟ್ಟ ಹವಳ ಉರುಳುತ್ತದೆ.

ರಾತ್ರಿ ಮರಳಿನೊಳಗೆ ಹೂತುಕೊಂಡು ಮಲಗುತ್ತದೆ, ಹಾಗಾಗಿ ತಂದ ಮೊದಲ ದಿನ ಕಾಣದಿದ್ದರೆ ಸತ್ತಿತು ಅಂತ ಮರಳು ಕೆದಕಬೇಡಿ. ಬರೀ ಗಾಜಿನ ತಳ ಇದಕ್ಕೆ ಆಗುವುದಿಲ್ಲ. ಹೆದರಿದರೆ ಹಾರುತ್ತದೆ, ಮುಚ್ಚಳ ಬೇಕೇ ಬೇಕು.

ಅಂಗಡಿಯವರು "ಚಿಕ್ಕದಾಗೇ ಇರುತ್ತೆ" ಅಂದರೆ ನಂಬಬೇಡಿ, ನನಗೂ ಹಾಗೇ ಹೇಳಿದ್ದರು. ರಾಸೇ ಬೇಕು ಅಂದರೆ ಸಿಕ್ಸ್‌ಲೈನ್ ರಾಸ್ ನೋಡಿ. ಸ್ವಲ್ಪ ಜಗಳಗಂಟ, ಆದರೆ 10 ಸೆಂ.ಮೀ. ದಾಟುವುದಿಲ್ಲ.