ಪತ್ತನಾಜೆಯ ಗೆಜ್ಜೆ ಬಿಚ್ಚಿದ ಮೇಲೆ

ತುಳುವರ ಬೇಶ ತಿಂಗಳ 10ನೆಯ ದಿನ, ಪತ್ತನಾಜೆಯಂದು, ನಮ್ಮ ಯಕ್ಷಗಾನ ಮೇಳದ ಕೊನೆಯ ಸೇವೆಯಾಟ ಮುಗಿದು ಗೆಜ್ಜೆ ಬಿಚ್ಚಿ ದೇವರ ಮುಂದೆ ಇಟ್ಟಾಗ ನನ್ನ 22ನೆಯ ತಿರುಗಾಟ ಪೂರ್ಣಗೊಂಡಿತು. ದೀಪಾವಳಿಯ ಬಳಿಕ ಹೊರಟ ಮೇಳದ ಜೊತೆ ಪತ್ತನಾಜೆಯವರೆಗೆ ಹೋಗಿಬರುವುದು ವೃತ್ತಿ ಕಲಾವಿದನಿಗೆ ದೊಡ್ಡ ಸುದ್ದಿಯೇನಲ್ಲ. ಆದರೆ ಇದಕ್ಕೂ ಹಿಂದಿನ ಎರಡು ವರ್ಷಗಳಲ್ಲಿ ಒಂದು ತಿರುಗಾಟವನ್ನು ನಡುವೆಯೇ ಬಿಟ್ಟು ಮನೆಗೆ ಬಂದಿದ್ದೆ, ಇನ್ನೊಂದಕ್ಕೆ ಹೊರಡಲೇ ಇಲ್ಲ. ಕಾಲುಗಂಟಿನ ನೋವೆಂದು ಹಲವರು ತಿಳಿದಿದ್ದರು. ಹಾಗೆ ಹೇಳಿಸಿದವನೂ ನಾನೇ. ನನಗೆ ಬಂದದ್ದು ಖಿನ್ನತೆಯ ಕಾಯಿಲೆ. ಕಾಲುನೋವೆಂದು ನಂಬಿ ಎಣ್ಣೆ, ಲೇಹ ಕಳುಹಿಸಿಕೊಟ್ಟ ಅಭಿಮಾನಿಗಳಿಗೆ ಮೊದಲು ಈ ಸತ್ಯವನ್ನು ಹೇಳಿ, ಆಮೇಲೆ ಕೃತಜ್ಞತೆ ಹೇಳುವುದು ನ್ಯಾಯವೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಯಕ್ಷಗಾನದಲ್ಲಿ ಪದ್ಯಗಳು ಬರೆದಿಟ್ಟವು, ಅರ್ಥ, ಎಂದರೆ ಪಾತ್ರಗಳ ಮಾತು, ಬರೆದಿಟ್ಟದ್ದಲ್ಲ. ಹಾಡುಗಾರರಾದ ಭಾಗವತರು ಪದ ಹೇಳಿ ಮುಗಿಸಿದ ಕೂಡಲೇ ವೇಷಧಾರಿ ಆ ಕ್ಷಣದಲ್ಲಿ ಮಾತನ್ನು ಕಟ್ಟಬೇಕು; ಎದುರಿನ ಪಾತ್ರ ಯಾವ ಪ್ರಶ್ನೆ ಎಸೆಯುತ್ತದೆ ಎಂಬುದು ಮುಂಚಿತವಾಗಿ ತಿಳಿದಿರುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ, ಕಾಸರಗೋಡಿನ ಕುಂಬಳೆಯ ಸುತ್ತಮುತ್ತ ಹುಟ್ಟಿ ಬೆಳೆದ ನಮಗೆ ಇದು ಎಳವೆಯಿಂದ ಕಿವಿಗೆ ಬಿದ್ದ ವಿದ್ಯೆ. ನನ್ನ ಕುಣಿತ ಸಾಧಾರಣದ್ದು, ಸ್ವರವೂ ಅಷ್ಟಕ್ಕಷ್ಟೆ. ನನ್ನನ್ನು ಮೇಳದಲ್ಲಿ ಉಳಿಸಿದ್ದು ಮಾತು. ಕಾಯಿಲೆ ಮೊದಲು ಕೈಹಾಕಿದ್ದೂ ಆ ಮಾತಿಗೇ.

ಯಾವಾಗ ಆರಂಭವಾಯಿತೆಂದು ಖಚಿತವಾಗಿ ಹೇಳಲಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮೇಳಗಳೆಲ್ಲ ತಿರುಗಾಟದ ನಡುವೆ ನಿಂತಾಗ ಸಾಲ ಹುಟ್ಟಿಕೊಂಡಿತು, ಅದರ ಬೆನ್ನಿಗೆ ಚಿಂತೆಯೂ ಬಂತು. ಆದರೆ ಅದಕ್ಕೂ ಮೊದಲೇ ನಿದ್ದೆ ಕೆಟ್ಟಿತ್ತು. ಆರು ತಿಂಗಳು ಇರುಳಿಡೀ ಎಚ್ಚರವಿದ್ದು, ಬೆಳಗ್ಗೆ ಬಣ್ಣ ತೆಗೆದು, ಬಸ್ಸಿನಲ್ಲೋ ಯಾರದೋ ಮನೆಯ ಚಾವಡಿಯಲ್ಲೋ ಹಗಲು ಮಲಗಿ, ಮಳೆಗಾಲ ಬಂದೊಡನೆ ಲೋಕದವರಂತೆ ರಾತ್ರಿ ನಿದ್ರಿಸಬೇಕೆಂದರೆ ದೇಹ ಕೇಳುವುದಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿಯಮದ ಕಾರಣದಿಂದ ಕೆಲವು ಮೇಳಗಳು ಕಾಲಮಿತಿಗೆ ಬಂದಾಗ ನಾನೂ ಬೇಸರಿಸಿದವನು. ರಾತ್ರಿಯಿಡೀ ನಡೆಯುವ ಆಟದ ಸೊಬಗು ಬೇರೆಯೇ ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಕಲಾವಿದನ ನಿದ್ದೆಯೂ ಆ ಚರ್ಚೆಯಲ್ಲಿ ಲೆಕ್ಕಕ್ಕೆ ಬರಬೇಕಾದ ವಿಷಯ ಎಂಬುದನ್ನು ಈಗ ಒಪ್ಪುತ್ತೇನೆ.

ಪೆರ್ಲದ ಸಮೀಪದ ಒಂದು ಬಯಲಾಟದಲ್ಲಿ ನನ್ನದು ರಾಮನ ಪಾತ್ರ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುವ ಸಂದರ್ಭ. ಇಪ್ಪತ್ತು ವರ್ಷಗಳಲ್ಲಿ ನೂರಾರು ಬಾರಿ ಉತ್ತರಿಸಿದ ಪ್ರಶ್ನೆ ಅದು. ಭಾಗವತರ ಪದ ಮುಗಿಯಿತು, ನಾನು ಬಾಯಿ ತೆರೆದೆ, ಒಂದು ಶಬ್ದವೂ ಬರಲಿಲ್ಲ. ಮರೆವು ನನಗೆ ಗೊತ್ತು. ಮರೆತಾಗ ಬೇರೊಂದು ದಾರಿ ಹಿಡಿಯುವುದೂ ಗೊತ್ತು. ಇದು ಮರೆವಾಗಿರಲಿಲ್ಲ. ಉತ್ತರ ಗೊತ್ತಿತ್ತು, ಆದರೆ ಅದನ್ನು ಹೇಳಿ ಏನಾಗಬೇಕು ಎಂಬ ಒಂದೇ ಭಾವ ತಲೆಯಿಂದ ಕಾಲಿನವರೆಗೆ ತುಂಬಿಕೊಂಡಿತ್ತು. ಹಿಮ್ಮೇಳದ ಚಕ್ರತಾಳ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು.

ಆಗ ವಾಲಿಯ ಪಾತ್ರದಲ್ಲಿದ್ದ ನನ್ನ ಹಿರಿಯ ಸಹಕಲಾವಿದರು ಬಿದ್ದಲ್ಲಿಂದಲೇ ಮಾತೆತ್ತಿದರು. ರಾಮಾ, ನೀನು ಮೌನವಾಗಿರುವೆ, ಆದರೆ ನಿನ್ನ ಮೌನ ನನಗೆ ತಿಳಿಯುತ್ತದೆ ಎಂದು ಆರಂಭಿಸಿ, ಬದುಕಿರುವ ತಮ್ಮನ ಹೆಂಡತಿಯನ್ನು ನಾನು ಇಟ್ಟುಕೊಂಡೆನಲ್ಲ, ಈ ನೆಲ ಭರತನ ಆಳ್ವಿಕೆಗೆ ಸೇರಿದ್ದೆಂದೂ ತಪ್ಪಿಗೆ ಶಿಕ್ಷೆ ಕೊಡುವ ಅಧಿಕಾರ ನಿನಗಿದೆಯೆಂದೂ ನೀನು ಹೇಳುವೆಯಲ್ಲವೇ, ಎಂದು ನಾನು ಹೇಳಬೇಕಾಗಿದ್ದ ಉತ್ತರವನ್ನೆಲ್ಲ ಒಂದೊಂದಾಗಿ ತಾವೇ ಹೇಳಿ, ತಾವೇ ಒಪ್ಪಿ, ಅಂಗದನನ್ನು ನನ್ನ ಕೈಗೆ ಒಪ್ಪಿಸಿದರು. ಭಾಗವತರು ಅವರ ಕೊನೆಯ ಮಾತು ನೆಲಕ್ಕೆ ಬೀಳುವ ಮೊದಲೇ ಮುಂದಿನ ಪದ ಎತ್ತಿದರು. ಸಭೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಮರುದಿನ ಯಾರೋ ಮೊಬೈಲಿನಲ್ಲಿ ತೆಗೆದ ಆ ಭಾಗ ಊರೂರು ಸುತ್ತಿತು. ರಾಮನ ಮೌನವನ್ನು ಇಷ್ಟು ಚೆನ್ನಾಗಿ ಅಭಿನಯಿಸಿದವರನ್ನು ಕಂಡಿಲ್ಲವೆಂದು ಜನ ಹೊಗಳಿದರು. ಆ ಹೊಗಳಿಕೆಯಷ್ಟು ನನ್ನನ್ನು ಕುಗ್ಗಿಸಿದ್ದು ಬೇರೊಂದಿಲ್ಲ, ಆದರೂ ಹೊಗಳಿದವರ ತಪ್ಪು ಅದರಲ್ಲಿಲ್ಲ. ಅವರು ಕಂಡದ್ದನ್ನು ಹೇಳಿದರು. ಹನ್ನೆರಡು ದಿನಗಳ ಬಳಿಕ ನಾನು ಮೇಳ ಬಿಟ್ಟು ಮನೆಗೆ ಬಂದೆ.

ವಾಲಿಯಾಗಿದ್ದ ಆ ಅಣ್ಣನಿಗೆ ನಾನು ಇದುವರೆಗೆ ಬಾಯಿಬಿಟ್ಟು ಕೃತಜ್ಞತೆ ಹೇಳಿರಲಿಲ್ಲ. ವೇಷ ಕಟ್ಟುವ ಚೌಕಿಗೆ ಬಂದ ಮೇಲೆ ಅವರು ಏನಾಯಿತೆಂದು ಕೇಳಲಿಲ್ಲ. ನನ್ನ ಬೆನ್ನಿನ ಕಟ್ಟು ಬಿಚ್ಚಿ, ಬಿಸಿನೀರು ತರಿಸಿ, ಮುಖದ ಬಣ್ಣಕ್ಕೆ ಎಣ್ಣೆ ಹಚ್ಚಿ ಒರೆಸಿದರು. ಒಬ್ಬ ಹಿರಿಯ ವೇಷಧಾರಿ ತನಗಿಂತ ಕಿರಿಯನ ಬಣ್ಣ ತೆಗೆಯುವುದು ನಮ್ಮಲ್ಲಿ ಎಂಥ ಮಾತು ಎಂಬುದು ಚೌಕಿ ಕಂಡವರಿಗೆ ಗೊತ್ತು.

ಮನೆಯಲ್ಲಿ ಕಳೆದ ತಿಂಗಳುಗಳ ಬಗೆಗೆ ಹೆಚ್ಚು ಬರೆಯಲಾರೆ. ತೋಟಕ್ಕೆ ಇಳಿಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಒಂದು ರಾತ್ರಿ ಬದುಕೇ ಬೇಡವೆಂದು ನನ್ನ ಹೆಂಡತಿಯೊಡನೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ, ನಾಳೆ ಸರಿಯಾಗುತ್ತದೆ ಎನ್ನಲೂ ಇಲ್ಲ. ಅಂಗನವಾಡಿಯ ಗೋಡೆಯಲ್ಲಿ ಓದಿ ನೆನಪಿಟ್ಟುಕೊಂಡಿದ್ದ 14416ಕ್ಕೆ ಆ ಹೊತ್ತಿನಲ್ಲೇ ಕರೆ ಮಾಡಿದಳು. ಟೆಲಿ ಮಾನಸ್ ಎಂಬ ಈ ಸರಕಾರಿ ಸೇವೆ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ದೇಶದಲ್ಲಿ ಆರಂಭವಾಯಿತು; ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ, ಭಾಷೆಯನ್ನೂ ಆರಿಸಿಕೊಳ್ಳಬಹುದು. ಆ ಕಡೆಯಿಂದ ಕನ್ನಡದಲ್ಲಿ ಮಾತನಾಡಿದ ಹೆಣ್ಣುಮಗಳ ಹೆಸರು ನನಗೆ ಗೊತ್ತಿಲ್ಲ. ಅವರು ನನ್ನೊಡನೆ ಸುಮಾರು ನಲವತ್ತು ನಿಮಿಷ ಇದ್ದರು, ಅದರಲ್ಲಿ ಅರ್ಧದಷ್ಟು ಹೊತ್ತು ನಾನು ಏನೂ ಹೇಳಿರಲಿಲ್ಲ. ಮಾತು ಬಾರದಿದ್ದರೆ ಪರವಾಗಿಲ್ಲ, ನಾನು ಕೇಳುತ್ತಿದ್ದೇನೆ ಎಂದು ಅವರು ಆಗಾಗ ಹೇಳುತ್ತಿದ್ದರು. ಮಾತು ಬಾರದವನನ್ನು ಕಾಯುವ ಆ ತಾಳ್ಮೆಗೆ ನಾನು ಜನ್ಮವಿಡೀ ಋಣಿ.

ಬಂಧುಗಳು ಪ್ರಶ್ನೆ ಇಡಿಸಬೇಕೆಂದರು, ಹೋದೆವು. ಜೋಯಿಸರು ಕವಡೆ ಹರಡಿ ನೋಡಿ, ಹೇಳಬೇಕಾದದ್ದನ್ನು ಹೇಳಿ, ಕೊನೆಗೆ ನನ್ನ ಅಣ್ಣನನ್ನು ಬದಿಗೆ ಕರೆದು, ಪೂಜೆ ಯಾವಾಗ ಬೇಕಾದರೂ ಮಾಡಿಸಬಹುದು, ಇವನನ್ನು ಈ ವಾರವೇ ವೈದ್ಯರಿಗೆ ತೋರಿಸಿ ಎಂದರಂತೆ. ಅವರ ಮಾತಿಗೆ ನಮ್ಮ ಮನೆಯಲ್ಲಿದ್ದ ತೂಕ ಬೇರೆ ಯಾರ ಮಾತಿಗೂ ಇರಲಿಲ್ಲ. ಆ ತೂಕವನ್ನು ಅವರು ಹೀಗೆ ಬಳಸಿದ್ದಕ್ಕೆ ಅವರಿಗೆ ಸಾಷ್ಟಾಂಗ ನಮಸ್ಕಾರ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ನಮ್ಮ ಕಡೆಯ ಸರಕಾರಿ ಆಸ್ಪತ್ರೆಗೆ ನಿಗದಿತ ದಿನ ವೈದ್ಯರ ತಂಡ ಬರುತ್ತದೆ. ವೈದ್ಯರು ಮಲಯಾಳಿ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ನಾವು ಮಲಯಾಳದಲ್ಲಿ ರೇಷನ್ ತರುತ್ತೇವೆ, ಅರ್ಜಿ ಕೊಡುತ್ತೇವೆ, ಬಸ್ಸಿನಲ್ಲಿ ಜಗಳವನ್ನೂ ಆಡುತ್ತೇವೆ. ಆದರೆ ಒಳಗಿನದನ್ನು ಹೇಳಹೊರಟಾಗ ನನಗೆ ಆ ಭಾಷೆಯಲ್ಲಿ ಒಂದು ಮಾತೂ ಕೂಡಿಬರಲಿಲ್ಲ. ಅಲ್ಲಿದ್ದ ನರ್ಸಕ್ಕ ನಮ್ಮ ಊರಿನ ಕಡೆಯವರು. ತಮ್ಮ ಊಟದ ಹೊತ್ತನ್ನು ಬಿಟ್ಟು ನನ್ನ ಪಕ್ಕದಲ್ಲಿ ಕುಳಿತು, ನಾನು ತುಳುವಿನಲ್ಲಿಯೂ ಕನ್ನಡದಲ್ಲಿಯೂ ತೊದಲಿದ್ದನ್ನೆಲ್ಲ ವೈದ್ಯರಿಗೆ ಮಲಯಾಳದಲ್ಲಿ ತಿಳಿಸಿದರು. ಮನಸ್ಸು ಕೊಳೆರೋಗ ಬಂದ ಅಡಿಕೆಯಂತೆ ಆಗಿದೆ, ಹೊರಗಿನಿಂದ ಹಸುರು, ತೊಟ್ಟಿನಲ್ಲಿ ಹಿಡಿತವಿಲ್ಲ ಎಂದು ನಾನು ಹೇಳಿದ್ದನ್ನು ಅವರು ಹಾಗೆಯೇ ದಾಟಿಸಿದಾಗ ವೈದ್ಯರು ಮೊದಲ ಬಾರಿಗೆ ಪೆನ್ನು ಕೆಳಗಿಟ್ಟು, ಕೊಳೆರೋಗಕ್ಕೆ ನೀವು ಏನು ಮಾಡುತ್ತೀರಿ ಎಂದು ಕೇಳಿದರು. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಬಿಡುತ್ತೇವೆ, 40–45 ದಿನ ಬಿಟ್ಟು ಇನ್ನೊಮ್ಮೆ ಬಿಡುತ್ತೇವೆ ಎಂದೆ. ಒಮ್ಮೆ ಬಿಟ್ಟು, ಕಾಯಿ ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ಎರಡನೆಯದನ್ನು ಬಿಡದಿದ್ದರೆ? ನನಗೆ ಅರ್ಥವಾಯಿತು. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು, ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕು, ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು ಎಂಬುದನ್ನು ಅವರು ಹಾಗೆ ತಿಳಿಸಿದರು. ಥೈರಾಯಿಡ್ ತೊಂದರೆಯಿಂದಲೂ ಇಂಥ ಜಡತೆ ಬರಬಹುದೆಂದು ರಕ್ತಪರೀಕ್ಷೆ ಮಾಡಿಸಿದರು, ನನಗೆ ಅದಿರಲಿಲ್ಲ. ದಿನಕ್ಕೊಂದು ಸಣ್ಣ ಕೆಲಸ, ಮನಸ್ಸಿದ್ದರೂ ಇಲ್ಲದಿದ್ದರೂ, ಮಾಡಿ ಗುರುತು ಹಾಕಬೇಕೆಂಬುದು ಇನ್ನೊಂದು ಮದ್ದು. ಮೊದಲ ವಾರ ನನ್ನ ಕೆಲಸ ದನಕ್ಕೆ ನೀರಿಡುವುದು ಮಾತ್ರ.

ಮೇಳದ ಸಂಚಾಲಕರು ನನ್ನ ಜಾಗಕ್ಕೆ ಬೇರೆಯವರನ್ನು ಖಾಯಂ ಆಗಿ ತೆಗೆದುಕೊಳ್ಳಲಿಲ್ಲ. ತಿರುಗಾಟ ಬಿಟ್ಟವನಿಗೆ ಸಂಬಳವಿಲ್ಲ ಎಂಬುದು ಮೇಳಗಳ ನಿಯಮ; ಅವರು ಸಾಲವೆಂದು ಬರೆಸದೆ, ದಾನವೆಂದು ಹೇಳದೆ, ಮಕ್ಕಳ ಶಾಲೆಯ ಹೊತ್ತಿಗೆ ಹಣ ಕಳುಹಿಸಿದರು. ಇದು ಒಬ್ಬ ವ್ಯಕ್ತಿಯ ಒಳ್ಳೆಯತನವಾಗಿ ಮಾತ್ರ ಉಳಿಯಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ. ಕಾಲು ಮುರಿದವನಿಗೆ ಸಿಗುವ ರಜೆ ಮನಸ್ಸು ಕುಸಿದವನಿಗೂ ಸಿಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ದೇಹದ ಕಾಯಿಲೆಗೆ ಕೊಡುವ ವಿಮೆಯನ್ನು ಮನಸ್ಸಿನ ಕಾಯಿಲೆಗೂ ಅದೇ ನೆಲೆಯಲ್ಲಿ ಕೊಡಬೇಕೆಂದು ಹೇಳಿದೆ. ನಮ್ಮ ಮೇಳಗಳೂ ಕಲಾವಿದರ ಸಂಘಟನೆಗಳೂ ವಿಮೆ ಮಾಡಿಸುವಾಗ ಇದನ್ನು ಕೇಳಿ ಪಡೆಯಬೇಕೆಂದು ಕೈಮುಗಿದು ವಿನಂತಿಸುತ್ತೇನೆ.

ಮರಳಿ ಬಂದ ಬಗೆಯನ್ನು ಭಾಗವತರು ಯೋಚಿಸಿದ್ದರು. ಚೌಕಿಯಲ್ಲಿ ಯಾವ ವೇಷದವರು ಎಲ್ಲಿ ಕುಳಿತುಕೊಳ್ಳಬೇಕೆಂಬ ಕ್ರಮವಿದೆ. ನಾನಿಲ್ಲದಷ್ಟು ಕಾಲವೂ ನನ್ನ ಜಾಗದಲ್ಲಿ ನನ್ನ ಪೆಟ್ಟಿಗೆಯನ್ನು ಇಡಿಸುತ್ತಿದ್ದರೆಂದು ಬಂದ ಮೇಲೆ ತಿಳಿಯಿತು. ಮೊದಲ ಹತ್ತು ದಿನ ಬಣ್ಣ ಹಚ್ಚದೆ, ನೇಪಥ್ಯದವರ ಜೊತೆ ಇತರರಿಗೆ ವೇಷ ಕಟ್ಟುವ ಕೆಲಸ ಮಾಡಿದೆ. ಆಮೇಲೆ ದೇವೇಂದ್ರನ ಬಲದಲ್ಲಿ ಒಬ್ಬನಾಗಿ ರಂಗಕ್ಕೆ ಹೋದೆ. ಎರಡು ಮಾತಿಗಿಂತ ಹೆಚ್ಚು ಇಲ್ಲದ, ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಮಾಡುವ ವೇಷ. ಆ ಹುಡುಗರು ನನ್ನನ್ನು ತಮ್ಮ ನಡುವೆ ನಿಲ್ಲಿಸಿಕೊಂಡು, ಹೆಜ್ಜೆ ತಪ್ಪದಂತೆ ಎರಡೂ ಬದಿಯಿಂದ ನೋಡಿಕೊಂಡರು. ಅವರಲ್ಲಿ ಒಬ್ಬ ತನಗೂ ರಂಗಕ್ಕೆ ಹೋಗುವ ಮೊದಲು ಉಸಿರು ಕಟ್ಟುತ್ತದೆ, ಕೈ ತಣ್ಣಗಾಗುತ್ತದೆ ಎಂದು ನನ್ನೊಡನೆ ಹೇಳಿಕೊಂಡ. ಈಗ ಅವನೂ ಅದೇ ವೈದ್ಯರನ್ನು ಕಾಣುತ್ತಿದ್ದಾನೆ, ಇದನ್ನು ಬರೆಯಲು ಅವನ ಒಪ್ಪಿಗೆಯಿದೆ.

ಮಕರ ಕಳೆದ ಮೇಲೆ ಮಾತಿನ ವೇಷಗಳು ಒಂದೊಂದಾಗಿ ನನಗೆ ಬಂದವು. ನೀರ್ಚಾಲಿನ ಕಡೆಯ ಆಟದಲ್ಲಿ ಮತ್ತೆ ರಾಮನಾದೆ, ವಾಲಿ ಅದೇ ಅಣ್ಣ. ಹೋಗುವ ಮೊದಲು ಅವರು ನನ್ನ ಹತ್ತಿರ ಬಂದು, ಇವತ್ತು ಪ್ರಶ್ನೆ ಕಡಿಮೆ ಮಾಡಲೇ ಎಂದು ಕೇಳಿದರು. ಬೇಡ ಅಣ್ಣ, ಎಷ್ಟಿದೆಯೋ ಅಷ್ಟನ್ನೂ ಕೇಳಿ ಎಂದೆ. ಉತ್ತರಗಳು ಹಿಂದಿನಷ್ಟು ಹರಿತವಾಗಿರಲಿಲ್ಲ, ಎರಡು ಕಡೆ ತಡವರಿಸಿದೆ, ಒಂದು ಕಡೆ ಭಾಗವತರು ಮೆಲ್ಲಗೆ ಎತ್ತಿಕೊಟ್ಟರು. ಸಭೆಯಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಬೆಳಗ್ಗೆ ಚೌಕಿಗೆ ಬಂದು, ಇನ್ನೂ ಸ್ವಲ್ಪ ಸಿದ್ಧತೆ ಬೇಕು ಎಂದು ನೇರವಾಗಿ ಹೇಳಿಹೋದರು. ರೋಗಿಯೆಂದು ಕನಿಕರಿಸದೆ ಕಲಾವಿದನೆಂದು ಟೀಕಿಸಿದ ಆ ಪ್ರೇಕ್ಷಕರಿಗೆ ವಿಶೇಷ ಕೃತಜ್ಞತೆ.

ಕರೆ ಮಾಡಿದವರಿಗೆಲ್ಲ ಉತ್ತರಿಸಲಾಗಲಿಲ್ಲ, ಕ್ಷಮಿಸಬೇಕು. ಮಾತ್ರೆ ಮುಂದುವರಿಯುತ್ತಿದೆ, ಆಟಿ ತಿಂಗಳಲ್ಲಿ ವೈದ್ಯರನ್ನು ಕಾಣಬೇಕು, ಪ್ರಮಾಣ ಇಳಿಸುವ ವಿಚಾರ ಆಗ. ಈ ಮಳೆಗಾಲ ಕೆಲವೇ ಕಲಾವಿದರ ತಂಡವಾದ ಚಿಕ್ಕಮೇಳದೊಂದಿಗೆ ಮನೆಮನೆಗೆ ಬರುವುದೆಂದು ನಿಶ್ಚಯಿಸಿದ್ದೇನೆ. ಸಂಜೆ ಹೊರಟು ರಾತ್ರಿ ಹತ್ತರೊಳಗೆ ಮುಗಿಯುವುದರಿಂದ ನಿದ್ದೆಗೂ ಅಡ್ಡಿಯಿಲ್ಲ. ಬದಿಯಡ್ಕ, ಪೈವಳಿಕೆ, ಮುಳ್ಳೇರಿಯ ಕಡೆಯ ಮನೆಯವರು ದೀಪ ಹಚ್ಚಿಟ್ಟರೆ, ಈ ಬರಹದಲ್ಲಿ ಹೇಳಲು ಬಿಟ್ಟುಹೋದವರಿಗೆ ಅಲ್ಲಿಯೇ ಜಗಲಿಯಲ್ಲಿ ಕುಳಿತು ಹೇಳುತ್ತೇನೆ.