ಗದ್ದೆ ಬದಿಯ ಕಿಡ್ನಿ ಪರೀಕ್ಷೆ

ಮಾನ್ಯ ಸಂಪಾದಕರೇ,

ಈಚೆಗೆ ನಮ್ಮೂರ ಹತ್ತಿರ ಕಬ್ಬು ಕಡಿಯುವವರಿಗೆ ಗದ್ದೆ ಬದಿಯಲ್ಲೇ ಕಿಡ್ನಿ ಪರೀಕ್ಷೆ ಮಾಡಿದರು. ಒಳ್ಳೆಯ ಕೆಲಸವೇ. ಆಂಧ್ರದ ಉದ್ದಾನಂ, ದೂರದ ನಿಕರಾಗುವಾಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇಲ್ಲದ ಕೂಲಿಯವರಿಗೂ ಕಿಡ್ನಿ ಹೋಗಿರುವುದನ್ನು ಓದಿದವರಿಗೆ ಇದರ ಬೆಲೆ ಗೊತ್ತು.

ನನ್ನ ತಕರಾರು ಮಾಡಿದ ರೀತಿಯ ಬಗ್ಗೆ. ಮಟಮಟ ಮಧ್ಯಾಹ್ನ, ಬೆವರಿಳಿಯುತ್ತಿದ್ದವರ ಬೆರಳಿಗೆ, ಕಬ್ಬಿನ ರಸದ ಜಿಗುಟೂ ತೊಳೆಸದೆ ಸೂಜಿ ಚುಚ್ಚಿದರು. ರಕ್ತದ ಹನಿ ಹಾಕಿ ಕೈ ಮೆಷಿನ್ನಿನಲ್ಲಿ ಓದಿಸುವ ಸ್ಟ್ರಿಪ್‌ಗಳ ಡಬ್ಬಿ ಟೆಂಪೋ ಬಾನೆಟ್ ಮೇಲೆ ಬಿಸಿಲಲ್ಲಿ ಕಾಯುತ್ತಿತ್ತು. ಒಬ್ಬರಿಗೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದಲ್ಲಿನ ಕಸ, ಕಿಡ್ನಿ ಸೋತರೆ ಏರುತ್ತದೆ) 1.7 ಬಂತು. ‘ಕಿಡ್ನಿ ವೀಕಾಗಿದೆ’ ಅಂದುಬಿಟ್ಟರು. ಪಾಪ, ಆ ಮನುಷ್ಯ ರಾತ್ರಿ ಊಟ ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ತೋಳಿನ ರಕ್ತ ಕೊಟ್ಟಾಗ 1.1!

ಇದರಲ್ಲಿ ಮೆಷಿನ್ ಪಾಲೆಷ್ಟು, ಬಿಸಿಲಿನ ಪಾಲೆಷ್ಟು? ಮೈಯಲ್ಲಿ ನೀರು ಕಮ್ಮಿಯಾದರೆ, ಜಾಸ್ತಿ ದುಡಿದರೆ, ಬಾಡೂಟ ಉಂಡಿದ್ದರೆ ಕ್ರಿಯಾಟಿನಿನ್ ಸ್ವಲ್ಪ ಹೊತ್ತು ಏರುತ್ತದೆ. ಮೆಷಿನ್ನು ಲ್ಯಾಬಿಗಿಂತ ಹೆಚ್ಚುಕಮ್ಮಿ ತೋರಿಸುವುದೂ ಉಂಟು. ಕಮ್ಮಿ ತೋರಿಸಿದರೆ ಇನ್ನೂ ಕಷ್ಟ, ರೋಗ ಇದ್ದವನು ನೆಮ್ಮದಿಯಾಗಿ ಮನೆಗೆ ಹೋಗುತ್ತಾನೆ. ಜಿಎಫ್‌ಆರ್, ಅಂದರೆ ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಕಿಡ್ನಿ ಸೋಸುವ ವೇಗ, 60ಕ್ಕಿಂತ ಕೆಳಗೆ ಬಂದರೂ 3 ತಿಂಗಳು ಹಾಗೇ ಉಳಿದಿದೆಯೇ ಅಂತ ನೋಡಬೇಕು ಅಲ್ವಾ?

ಶಿಬಿರವನ್ನು ಬೆಳಿಗ್ಗೆ, ಕೆಲಸಕ್ಕೆ ಇಳಿಯುವ ಮುಂಚೆ ಮಾಡಲಿ. ಕೈ ತೊಳೆಸಲಿ. ಕೆಲವರ ರಕ್ತವನ್ನಾದರೂ ಲ್ಯಾಬಿಗೆ ಕಳಿಸಿ ತಾಳೆ ನೋಡಲಿ. ಹಂಗಾಮು ಮುಗಿದು ಬಳ್ಳಾರಿ ಕಡೆ ವಾಪಸ್ ಹೋಗುವವರಿಗೆ ಮುಂದಿನ ಪರೀಕ್ಷೆಯ ಚೀಟಿಯನ್ನು ಅವರೂರಿನ ಆರೋಗ್ಯ ಕೇಂದ್ರದ ಹೆಸರಿಗೇ ಬರೆದುಕೊಡಲಿ.

– ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಮದ್ದೂರು ತಾಲ್ಲೂಕು