ಶನಿವಾರದ ಪ್ರಾಕ್ಟೀಸ್: ಪಾಸ್ ಕೊಟ್ಟು ನಿಲ್ಲಬೇಡ, ಓಡು

ಎಲ್ಲರಿಗೂ ನಮಸ್ಕಾರ. 12 ವರ್ಷದೊಳಗಿನ ಫುಟ್‌ಬಾಲ್ ಬ್ಯಾಚಿನವರ ಗಮನಕ್ಕೆ: ಈ ಶನಿವಾರ ಬೆಳಿಗ್ಗೆ 6.30ರಿಂದ 8ರವರೆಗೆ ಆಸ್ಟಿನ್ ಟೌನ್ ಗ್ರೌಂಡ್‌ನಲ್ಲಿ ಪ್ರಾಕ್ಟೀಸ್ ಇದೆ.

ಕಳೆದ ವಾರದ ಮ್ಯಾಚ್ ನೋಡಿದಿರಲ್ವಾ? ನಮ್ಮ ಹುಡುಗ ಮೂವರನ್ನು ದಾಟಿ ಹೋದ, ನಾಲ್ಕನೆಯವನ ಕಾಲಿಗೆ ಬಾಲ್ ಕೊಟ್ಟು ಬಂದ. ಪಕ್ಕದಲ್ಲೇ ಇಬ್ಬರು ಕೈ ಎತ್ತಿಕೊಂಡು ಸುಮ್ನೆ ನಿಂತಿದ್ದರು. ನನ್ನ ಪ್ರಕಾರ ತಪ್ಪು ನಿಂತವರದ್ದೇ ಜಾಸ್ತಿ.

ಹಾಗಾಗಿ ಈ ಸಲ ಪೂರ್ತಿ ಒನ್-ಟೂ. ಪಾಸ್ ಕೊಟ್ಟ ತಕ್ಷಣ ಡಿಫೆಂಡರ್ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಓಡಬೇಕು. ಬಾಲ್ ಸಿಕ್ಕವರು ಒಂದೇ ಟಚ್‌ನಲ್ಲಿ ವಾಪಸ್ ಕೊಡಬೇಕು, ಅದೂ ಕಾಲಿಗಲ್ಲ, ಓಟದ ಮುಂದಕ್ಕೆ. ಗಲ್ಲಿಯಲ್ಲಿ ಕಾಂಪೌಂಡ್ ಗೋಡೆಗೆ ಹೊಡೆದು ವಾಪಸ್ ತೆಗೆದುಕೊಳ್ಳುತ್ತಿದ್ದೆವಲ್ಲ, ಅದೇ ಆಟ. ಗೋಡೆ ಇದ್ದಲ್ಲಿ ಗೆಳೆಯ ಇರುತ್ತಾನೆ, ಅಷ್ಟೇ. ಪಾಸ್ ತಡವಾದರೆ ಓಡಿದವರು ಆಫ್‌ಸೈಡ್, ಅಂದರೆ ಪಾಸ್ ಕೊಡುವ ಹೊತ್ತಿಗೇ ಡಿಫೆಂಡರ್‌ಗಳನ್ನು ದಾಟಿ ಮುಂದೆ ಹೋಗಿಬಿಟ್ಟ ತಪ್ಪು. ಮೊದಲು ಚೌಕದೊಳಗೆ ನಾಲ್ವರ ವಿರುದ್ಧ ಇಬ್ಬರು, ಆಮೇಲೆ ಗೋಲಿನ ಮುಂದೆ ಮೂವರ ವಿರುದ್ಧ ಇಬ್ಬರು.

6.15ಕ್ಕೇ ಬಂದುಬಿಡಿ. ಶಿನ್ ಗಾರ್ಡ್, ನೀರಿನ ಬಾಟಲಿ ಮರೆಯಬೇಡಿ. 4ನೇ ಸೈಜಿನ ಬಾಲ್ ಇದ್ದವರು ತನ್ನಿ, ನಮ್ಮಲ್ಲಿ ಎರಡಕ್ಕೆ ಗಾಳಿ ನಿಲ್ಲುತ್ತಿಲ್ಲ.

ಅಪ್ಪಂದಿರಿಗೆ ಒಂದು ಮಾತು: ಗೆರೆಯಾಚೆಯಿಂದ ‘ಹೊಡಿ, ಹೊಡಿ’ ಅಂತ ಕೂಗಬೇಡಿ. ಪಾಸ್ ಕೊಡಬೇಕೆಂದಿದ್ದ ಮಗು ಗಾಬರಿಯಾಗಿ ಹೊಡೆದೇ ಬಿಡುತ್ತದೆ.

ಬರುವವರು, ಬರದವರು ಇಬ್ಬರೂ ಗುರುವಾರ ರಾತ್ರಿಯೊಳಗೆ ಮಗುವಿನ ಹೆಸರು ಹಾಕಿ ಇಲ್ಲೇ ತಿಳಿಸಿ. ಮಳೆ ಬಂದರೆ ಬೆಳಿಗ್ಗೆ 5.30ಕ್ಕೆ ಮೆಸೇಜ್ ಹಾಕುತ್ತೇನೆ.